15, 16, 17: ನಿಮ್ಮ ಕಾರಿಗೆ ಯಾವ ರಿಮ್, ಯಾವ ಟೈರ್?

ಅಲಾಯ್ ವೀಲ್ ಹಾಕಿಸಬೇಕು ಅಂತ ಹೊರಟವರು ಮೊದಲು ನೋಡುವುದು ಡಿಸೈನ್. ಆಮೇಲೆ ಎಷ್ಟು ಇಂಚು ಅಂತ ಕೇಳುತ್ತಾರೆ. ಟೈರ್ ಬಗ್ಗೆ ಯೋಚನೆ ಬರುವುದು ಕೊನೆಗೆ, ಅಷ್ಟು ಹೊತ್ತಿಗೆ ದುಡ್ಡೆಲ್ಲ ರಿಮ್‌ಗೇ ಖರ್ಚಾಗಿರುತ್ತದೆ. ನನ್ನ ಪ್ರಕಾರ ಈ ಕ್ರಮವೇ ತಲೆಕೆಳಗು. ಗಾಡಿ ಯಾವ ರಸ್ತೆಯಲ್ಲಿ ಎಷ್ಟು ಭಾರ ಹೊತ್ತು ಓಡುತ್ತದೆ ಅನ್ನುವುದು ಮೊದಲು, ಅದಕ್ಕೆ ತಕ್ಕ ಟೈರ್ ಆಮೇಲೆ, ಆ ಟೈರಿಗೆ ತಕ್ಕ ರಿಮ್ ಅದರ ನಂತರ, ಡಿಸೈನ್ ಎಲ್ಲಕ್ಕಿಂತ ಕೊನೆಗೆ.

ಮುಂಬೈ, ಪುಣೆ, ಗೋವಾದಲ್ಲಿರುವ ನಮ್ಮ ಕನ್ನಡಿಗರ ಕಾರಿಗೆ ಇದು ಇನ್ನೂ ಮುಖ್ಯ. ವಾರವಿಡೀ ಆ ಕಾರಲ್ಲಿ ಒಬ್ಬರೋ ಇಬ್ಬರೋ ಓಡಾಡುತ್ತಾರೆ. ಆದರೆ ಚೌತಿಗೋ, ಮೇ ತಿಂಗಳ ರಜೆಗೋ, ಊರಿನ ಮದುವೆಗೋ ಹೊರಟಾಗ ಅದೇ ಕಾರಲ್ಲಿ ಐದು ಜನ, ಡಿಕ್ಕಿ ತುಂಬ ಬ್ಯಾಗು, ವಾಪಸ್ ಬರುವಾಗ ಅಕ್ಕಿ, ತೆಂಗಿನಕಾಯಿ, ಹಪ್ಪಳದ ಕಟ್ಟು ಎಲ್ಲ ಸೇರುತ್ತದೆ. ಪನ್ವೇಲ್ ದಾಟಿ ಎನ್‌ಎಚ್ 66 ಹಿಡಿದರೆ ಕೊಂಕಣದ ರಸ್ತೆ, ಪುಣೆ ಕಡೆಯಿಂದ ಹೋದರೆ ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ, ಆಮೇಲೆ ಊರಿನ ಘಾಟಿ. ಟೈರ್ ಸೈಜ್ ಆರಿಸಬೇಕಾದದ್ದು ಆ ದಿನದ ಗಾಡಿಗೆ. ಸೊಸೈಟಿಯ ಪಾರ್ಕಿಂಗ್‌ನಲ್ಲಿ ಖಾಲಿ ನಿಂತಾಗ ಚೆಂದ ಕಾಣುವ ಸೈಜು ಆ ದಿನ ಫೆಂಡರಿಗೆ, ಅಂದರೆ ಚಕ್ರದ ಮೇಲಿನ ತಗಡಿಗೆ, ಉಜ್ಜುತ್ತಿದ್ದರೆ ಏನು ಪ್ರಯೋಜನ?

ಮೊದಲು ಲೆಕ್ಕ

ಅಂಗಡಿಗೆ ಹೋಗುವ ಮುಂಚೆ ಈ ಲೆಕ್ಕ ನಿಮಗೆ ಗೊತ್ತಿರಲಿ. ಕುರ್ಲಾದ ಸಿಎಸ್‌ಟಿ ರೋಡಿನಲ್ಲಾಗಲಿ, ಪುಣೆಯ ನಾನಾ ಪೇಠೆಯಲ್ಲಾಗಲಿ, ಅಂಗಡಿಯಲ್ಲಿ ಯಾವ ಸ್ಟಾಕ್ ಇದೆಯೋ ಅದನ್ನು ಮಾರುವುದು ಅವರ ಕೆಲಸ. ನಿಮ್ಮ ಗಾಡಿಗೆ ಯಾವುದು ಬೇಕು ಅಂತ ತಿಳಿದಿರುವುದು ನಿಮ್ಮ ಕೆಲಸ.

ಟೈರ್ ಮೇಲೆ 185/65 ಆರ್15 ಅಂತ ಇದ್ದರೆ, 185 ಅಂದರೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. 65 ಅಂದರೆ ಸೈಡ್‌ವಾಲ್‌ನ (ರಿಮ್‌ನಿಂದ ರಸ್ತೆವರೆಗಿನ ಟೈರಿನ ಪಕ್ಕದ ಗೋಡೆ) ಎತ್ತರ ಆ ಅಗಲದ ಶೇ. 65ರಷ್ಟು, ಅಂದರೆ ಸುಮಾರು 120 ಮಿಮೀ. 15 ಅಂದರೆ ರಿಮ್‌ನ ವ್ಯಾಸ, ಇಂಚಿನಲ್ಲಿ. ಒಂದು ಇಂಚಿಗೆ 25.4 ಮಿಮೀ. ರಿಮ್‌ನ ಅಳತೆಗೆ ಮೇಲೊಂದು, ಕೆಳಗೊಂದು ಸೈಡ್‌ವಾಲ್ ಸೇರಿಸಿದರೆ ಇಡೀ ಚಕ್ರದ ವ್ಯಾಸ ಸಿಗುತ್ತದೆ. ಇಲ್ಲಿ ಅದು ಸುಮಾರು 621 ಮಿಮೀ.

ಈ ಒಟ್ಟು ವ್ಯಾಸವನ್ನು ಹಿಡಿದಿಟ್ಟುಕೊಳ್ಳಿ. ರಿಮ್ ದೊಡ್ಡದಾದಂತೆ ಸೈಡ್‌ವಾಲ್ ಚಿಕ್ಕದಾಗಬೇಕು, ಒಟ್ಟು ವ್ಯಾಸ ಹೆಚ್ಚುಕಡಿಮೆ ಅಷ್ಟೇ ಉಳಿಯಬೇಕು. ಶೇ. 3ರೊಳಗೆ ಇರಲಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಶೇ. 2 ದಾಟಬೇಡಿ ಅನ್ನುತ್ತೇನೆ. ಚಕ್ರ ದೊಡ್ಡದಾದರೆ ಸ್ಪೀಡೋಮೀಟರ್ ಮೊದಲಿಗಿಂತ ಕಡಿಮೆ ತೋರಿಸುತ್ತದೆ, ಓಡೋಮೀಟರ್ ಕೂಡ ಕಡಿಮೆ ಎಣಿಸುತ್ತದೆ. ಕಂಪನಿಯವರು ಮೀಟರನ್ನು ಸಾಮಾನ್ಯವಾಗಿ ನಿಜವಾದ ವೇಗಕ್ಕಿಂತ ತುಸು ಜಾಸ್ತಿ ತೋರಿಸುವ ಹಾಗೆಯೇ ಇಟ್ಟಿರುತ್ತಾರೆ, ದೊಡ್ಡ ಟೈರ್ ಹಾಕಿದರೆ ಆ ರಿಯಾಯಿತಿ ಕರಗಿ ಹೋಗುತ್ತದೆ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಉದ್ದಕ್ಕೂ ಈಗ ಕ್ಯಾಮೆರಾಗಳಿವೆ ಅನ್ನುವುದು ನೆನಪಿರಲಿ. ಇದಲ್ಲದೆ ದೊಡ್ಡ ಚಕ್ರ ಗೇರನ್ನು ಉದ್ದ ಮಾಡಿದ ಹಾಗೆ, ಅದೇ ಗೇರಿನಲ್ಲಿ ಎಳೆಯುವ ಶಕ್ತಿ ಕಡಿಮೆ. ಘಾಟಿ ಏರುವಾಗ 1.2 ಲೀಟರ್ ಎಂಜಿನ್ ಏದುಸಿರು ಬಿಡುತ್ತದೆ. ಇನ್ನು ನಾಲ್ಕೂ ಚಕ್ರಗಳ ವ್ಯಾಸ ಒಂದೇ ಇರಲೇಬೇಕು, ಏಕೆಂದರೆ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ನಾಲ್ಕೂ ಚಕ್ರಗಳ ವೇಗವನ್ನು ಹೋಲಿಸುತ್ತಲೇ ಇರುತ್ತದೆ.

ಮೂರು ದಾರಿ

185/65 ಆರ್15 ಹಾಕಿಕೊಂಡು ಬರುವ ಹ್ಯಾಚ್‌ಬ್ಯಾಕ್‌ಗಳು ನಮ್ಮಲ್ಲಿ ತುಂಬ ಇರುವುದರಿಂದ ಅದನ್ನೇ ಇಟ್ಟುಕೊಂಡು ಹೋಲಿಸೋಣ.

ಮೊದಲನೆಯದು, ರಿಮ್ 15 ಇಂಚಿನದೇ ಇರಲಿ, ಟೈರ್ ಮಾತ್ರ ಬದಲಿಸುವುದು. 195/60 ಆರ್15 ಹಾಕಿದರೆ ವ್ಯಾಸ 615 ಮಿಮೀ, ಅಂದರೆ ಶೇ. 1ರಷ್ಟು ಚಿಕ್ಕದು. 195/65 ಆರ್15 ಹಾಕಿದರೆ 634 ಮಿಮೀ ಚಿಲ್ಲರೆ, ಶೇ. 2ಕ್ಕಿಂತ ತುಸು ಮೇಲೆ, ನಾನು ಹೇಳಿದ ಗೆರೆ ದಾಟಿತು. ನೋಡುವವರಿಗೆ ಇದರಲ್ಲಿ ಏನೂ ಬದಲಾದ ಹಾಗೆ ಕಾಣುವುದಿಲ್ಲ. ಆದರೆ ಒಳ್ಳೆ ರಬ್ಬರಿನ ಟೈರ್ ಹಾಕಿದರೆ ಬ್ರೇಕ್ ಹಿಡಿಯುವುದರಲ್ಲಿ, ಮಳೆಯಲ್ಲಿ ತಿರುವು ತೆಗೆದುಕೊಳ್ಳುವುದರಲ್ಲಿ ಮೊದಲ ದಿನವೇ ವ್ಯತ್ಯಾಸ ಗೊತ್ತಾಗುತ್ತದೆ. ಕಂಪನಿ ಕೊಡುವ ಟೈರ್ ಹೆಚ್ಚಾಗಿ ಮೈಲೇಜ್ ನೋಡಿ ಆರಿಸಿದ್ದು, ಹಿಡಿತ ನೋಡಿ ಅಲ್ಲ. ಎಂಜಿನ್ ರೀಮ್ಯಾಪ್ ಮಾಡಿಸಿ (ಕಂಪ್ಯೂಟರ್ ಸೆಟ್ಟಿಂಗ್ ಬದಲಿಸಿ) ಶಕ್ತಿ ಹೆಚ್ಚಿಸಿಕೊಂಡವರು ಕೂಡ ಮೊದಲು ಇದನ್ನೇ ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ. ಮುಂದಿನ ಚಕ್ರಗಳು ಸುಮ್ನೆ ಜಾರುತ್ತಿದ್ದರೆ ಹೆಚ್ಚಿನ ಟಾರ್ಕ್ ಇಟ್ಟುಕೊಂಡು ಏನು ಮಾಡುತ್ತೀರಿ?

ಎರಡನೆಯದು, ಒಂದು ಇಂಚು ಏರಿಸುವುದು. 195/55 ಆರ್16 ಹಾಕಿದರೆ ವ್ಯಾಸ ಮತ್ತೆ ಸುಮಾರು 621 ಮಿಮೀ, ಹಳೆಯದಕ್ಕೆ ಒಂದು ಮಿಲಿಮೀಟರ್ ಕೂಡ ವ್ಯತ್ಯಾಸವಿಲ್ಲ. ಸೈಡ್‌ವಾಲ್ 120ರಿಂದ 107 ಮಿಮೀಗೆ ಇಳಿಯುತ್ತದೆ. ಸ್ಟಿಯರಿಂಗ್ ಚುರುಕಾಗುತ್ತದೆ, ಗಾಡಿ ತುಂಬಿದ ಹಾಗೆ ಕಾಣುತ್ತದೆ, ಸಣ್ಣ ಗುಂಡಿಗಳು ತುಸು ಜಾಸ್ತಿ ಗೊತ್ತಾಗುತ್ತವೆ. ಬಲೆನೊದ ಮೇಲಿನ ವೇರಿಯಂಟ್‌ಗಳಿಗೆ ಮಾರುತಿಯೇ ಈ ಸೈಜ್ ಕೊಟ್ಟಿದೆ, ಕೆಳಗಿನವಕ್ಕೆ 185/65 ಆರ್15. ಹಾಗಾಗಿ ಈ ಜೋಡಿ ಸರಿ ಹೊಂದುತ್ತದಾ ಅನ್ನುವ ಅನುಮಾನವೇ ಬೇಡ. ತುಂಬ ಜನರಿಗೆ ಇಲ್ಲಿಗೇ ನಿಲ್ಲಿಸಿ ಅಂತ ನಾನು ಹೇಳುತ್ತೇನೆ.

ಇಲ್ಲೇ ಒಂದು ಎಚ್ಚರಿಕೆ. 16 ಇಂಚಿಗೆ 205/55 ಸಿಗುತ್ತದೆ, ಅಂಗಡಿಯಲ್ಲಿ ಯಾವಾಗಲೂ ಇರುತ್ತದೆ, ಏಕೆಂದರೆ ಅದು ಸೆಡಾನ್‌ಗಳ ಸೈಜ್. ಅದರ ವ್ಯಾಸ ಸುಮಾರು 632 ಮಿಮೀ, ಶೇ. 1.7 ದೊಡ್ಡದು. ಲೆಕ್ಕದಲ್ಲಿ ಪಾಸಾಗುತ್ತದೆ, ಆದರೆ 20 ಮಿಮೀ ಅಗಲ ಹೆಚ್ಚು, ಮೇಲ್ಗಡೆ 5 ಮಿಮೀ ಎತ್ತರವೂ ಹೆಚ್ಚು. ಹಿಂದೆ ಮೂವರು ಕೂತಾಗ ಫೆಂಡರಿನ ಒಳಗೆ ಚಕ್ರಕ್ಕೆ ಜಾಗ ಸಾಲದೆ ಹೋಗಬಹುದು. ವ್ಯಾಸದ ಲೆಕ್ಕ ಒಂದೇ ಸಾಲದು ಅನ್ನುವುದಕ್ಕೆ ಇದೇ ಉದಾಹರಣೆ.

ಮೂರನೆಯದು, ಎರಡು ಇಂಚು ಏರಿಸಿ 205/45 ಆರ್17 ಹಾಕುವುದು. ವ್ಯಾಸ 616 ಮಿಮೀ, ಅದೂ ಸರಿಯೇ. ಆದರೆ ಸೈಡ್‌ವಾಲ್ 92 ಮಿಮೀಗೆ ಬಂತು. ಮೂಲ ಟೈರಿಗಿಂತ 28 ಮಿಮೀ ಕಡಿಮೆ ಗಾಳಿ, ರಿಮ್ ಮತ್ತು ರಸ್ತೆಯ ನಡುವೆ. ಆ 28 ಮಿಮೀ ನಿಮ್ಮ ರಿಮ್‌ನ ವಿಮೆ. ಮಳೆಗಾಲದಲ್ಲಿ ಘೋಡ್‌ಬಂದರ್ ರೋಡಿನಲ್ಲಿ ನೀರು ತುಂಬಿದ ಹೊಂಡಕ್ಕೆ 40ರ ವೇಗದಲ್ಲಿ ಇಳಿದರೆ ಏನಾಗುತ್ತದೆ ಅಂತ ಯೋಚಿಸಿ. ಎತ್ತರದ ಸೈಡ್‌ವಾಲ್ ಮಡಚಿಕೊಂಡು ಪೆಟ್ಟನ್ನು ನುಂಗುತ್ತದೆ. ಚಿಕ್ಕದು ಹೊಂಡದ ಅಂಚಿಗೂ ರಿಮ್‌ಗೂ ನಡುವೆ ಸಿಕ್ಕಿ ಜಜ್ಜಿಹೋಗುತ್ತದೆ. ಒಳಗಿನ ನೂಲು ಹರಿದು ಪಕ್ಕದಲ್ಲಿ ಉಬ್ಬು ಬರುತ್ತದೆ. ಉಬ್ಬು ಬಂದ ಟೈರಿಗೆ ರಿಪೇರಿ ಇಲ್ಲ, ಎಸೆಯುವುದೊಂದೇ. ಅದರ ಮೇಲೆ ಎಕ್ಸ್‌ಪ್ರೆಸ್‌ವೇಗೆ ಇಳಿಯಲೇಬೇಡಿ.

ಇನ್ನೊಂದು ಅಂಕಿಯನ್ನು ತುಂಬ ಜನ ನೋಡುವುದೇ ಇಲ್ಲ. ಸೈಜಿನ ಪಕ್ಕದಲ್ಲಿ 88ಎಚ್, 87ವಿ ಅಂತ ಇರುತ್ತದೆ ಅಲ್ವಾ, ಅದರ ಅಂಕಿ ಲೋಡ್ ಇಂಡೆಕ್ಸ್. 88 ಅಂದರೆ ಒಂದು ಟೈರ್ 560 ಕಿಲೋ ಹೊರಬಹುದು. 87 ಅಂದರೆ 545. 205/45 ಆರ್17 ಸಾಮಾನ್ಯ ಟೈರಿನಲ್ಲಿ 84, ಅಂದರೆ 500 ಕಿಲೋ. ಒಂದು ಟೈರಿಗೆ 60 ಕಿಲೋ, ನಾಲ್ಕಕ್ಕೆ 240 ಕಿಲೋ ಕಡಿಮೆ. ಹ್ಯಾಚ್‌ಬ್ಯಾಕ್ ಪೂರ್ತಿ ತುಂಬಿದರೂ ಒಟ್ಟು ತೂಕ 2000 ಕಿಲೋ ಮುಟ್ಟುವುದಿಲ್ಲ, ಅದು ನಿಜ. ಆದರೆ ತೂಕ ನಾಲ್ಕೂ ಚಕ್ರಕ್ಕೆ ಸಮನಾಗಿ ಬೀಳುವುದಿಲ್ಲ. ಬ್ರೇಕ್ ಒತ್ತಿದಾಗ ಮುಂದಕ್ಕೆ, ತಿರುವಿನಲ್ಲಿ ಹೊರಗಿನ ಚಕ್ರಕ್ಕೆ ಹೋಗುತ್ತದೆ. ಹೊಂಡದ ಪೆಟ್ಟು ಇನ್ನೊಂದು. ಕಂಪನಿಯವರು ಇಟ್ಟ ಆ ಉಳಿಕೆಯನ್ನು ನಾವು ಚೆಂದಕ್ಕಾಗಿ ತಿಂದುಹಾಕುವುದು ಸರಿಯಲ್ಲ. 17 ಹಾಕಲೇಬೇಕು ಅಂದರೆ ಎಕ್ಸ್‌ಎಲ್ (ಹೆಚ್ಚು ಭಾರ ಹೊರುವ ಟೈರ್) ಅಂತ ಬರೆದಿರುವ, 88 ಇಂಡೆಕ್ಸ್‌ನ ಟೈರನ್ನೇ ಕೇಳಿ. ಅದಕ್ಕೆ ಗಾಳಿ ತುಸು ಜಾಸ್ತಿ ಬೇಕು, ಅಂದರೆ ಸವಾರಿ ಇನ್ನಷ್ಟು ಗಡುಸು. ಪಕ್ಕದ ಅಕ್ಷರ ವೇಗದ ಮಿತಿ. ಎಚ್ ಅಂದರೆ ಗಂಟೆಗೆ 210 ಕಿಮೀ, ವಿ ಅಂದರೆ 240. ಮೂಲ ಟೈರಿನಲ್ಲಿ ಇದ್ದ ಅಕ್ಷರಕ್ಕಿಂತ ಕೆಳಗಿನದು ಬೇಡ.

ತೂಕವನ್ನೂ ನೋಡಿ. ಅಂಗಡಿಯಲ್ಲಿ ತಕ್ಕಡಿ ಇದ್ದರೆ ನಿಮ್ಮ ಹಳೆಯ ರಿಮ್ಮನ್ನೂ ಹೊಸದನ್ನೂ ತೂಗಿಸಿ. ಅಗ್ಗದ 17 ಇಂಚಿನ ಎರಕದ ಅಲಾಯ್ ಕಂಪನಿಯ 15 ಇಂಚಿನ ರಿಮ್‌ಗಿಂತ ಭಾರ ಇರುವುದು ಸಾಮಾನ್ಯ. ಚಕ್ರದ ತೂಕ ಸ್ಪ್ರಿಂಗ್‌ನ ಕೆಳಗಿನ ತೂಕ, ಅದನ್ನು ಕುಣಿಯದಂತೆ ಹಿಡಿಯಲು ಶಾಕ್ ಅಬ್ಸಾರ್ಬರ್ ಒದ್ದಾಡುತ್ತದೆ. ಅಷ್ಟೇ ಅಲ್ಲ, ಸಿಗ್ನಲ್‌ನಿಂದ ಸಿಗ್ನಲ್‌ಗೆ ನಿಂತು ಹೊರಡುವ ಊರಿನಲ್ಲಿ ಆ ಭಾರವನ್ನು ಪ್ರತಿ ಸಲ ತಿರುಗಿಸಿ ಮತ್ತೆ ನಿಲ್ಲಿಸಬೇಕು. ಮೈಲೇಜ್ ಕಡಿಮೆಯಾಯಿತು, ಪಿಕಪ್ ಹೋಯಿತು ಅಂತ ಹೇಳುವವರ ಗಾಡಿಯಲ್ಲಿ ಅರ್ಧ ಸಮಸ್ಯೆ ಇದೇ.

ಆಫ್‌ಸೆಟ್: ಯಾರೂ ಕೇಳದ, ಎಲ್ಲರೂ ಕೇಳಬೇಕಾದ ಅಂಕಿ

ಇಂಚಿಗಿಂತ ಆಫ್‌ಸೆಟ್ ಮುಖ್ಯ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ರಿಮ್‌ನ ಒಳಗಡೆ ಇಟಿ45, ಇಟಿ38 ಅಂತ ಕೆತ್ತಿರುತ್ತದೆ. ರಿಮ್‌ನ ನಟ್ಟನಡು ಗೆರೆಯಿಂದ ಹಬ್‌ಗೆ (ಕಾರಿನಲ್ಲಿ ರಿಮ್ ಬಿಗಿಯುವ ಭಾಗ) ಕೂರುವ ಮುಖ ಎಷ್ಟು ಮಿಲಿಮೀಟರ್ ಹೊರಗಿದೆ ಅನ್ನುವ ಲೆಕ್ಕ ಅದು. ಅಂಕಿ ದೊಡ್ಡದಾದಷ್ಟು ಚಕ್ರ ಒಳಗೆ ಹೋಗುತ್ತದೆ, ಚಿಕ್ಕದಾದಷ್ಟು ಹೊರಗೆ ಬರುತ್ತದೆ.

ಲೆಕ್ಕ ಹಾಕೋಣ. ಹಳೆಯ ರಿಮ್ 6 ಇಂಚು ಅಗಲ, ಇಟಿ45. ಹೊಸದು 7 ಇಂಚು ಅಗಲ, ಇಟಿ35. ಅಗಲ ಒಂದು ಇಂಚು ಹೆಚ್ಚಿದ್ದರಿಂದ ಎರಡೂ ಕಡೆ 12.7 ಮಿಮೀ ಬೆಳೆಯಿತು. ಆಫ್‌ಸೆಟ್ 10 ಕಡಿಮೆಯಾದ್ದರಿಂದ ಇಡೀ ಚಕ್ರ 10 ಮಿಮೀ ಹೊರಗೆ ಸರಿಯಿತು. ಒಟ್ಟಿನಲ್ಲಿ ಹೊರಗಿನ ಅಂಚು 22.7 ಮಿಮೀ ಹೊರಗೆ, ಒಳಗಿನ ಅಂಚು 2.7 ಮಿಮೀ ಒಳಗೆ. ಹೆಚ್ಚುಕಡಿಮೆ ಎರಡು ಬೆರಳಿನ ದಪ್ಪ ಹೊರಗೆ ಬಂತು. ಖಾಲಿ ಗಾಡಿಯಲ್ಲಿ ಅದು ಫೆಂಡರಿಗೆ ಸಮನಾಗಿ ಬಂದು ತುಂಬ ಚೆಂದ ಕಾಣುತ್ತದೆ, ಒಪ್ಪುತ್ತೇನೆ. ಹಿಂದೆ ಮೂವರು ಕೂತು ಒಂದು ಸ್ಪೀಡ್ ಬ್ರೇಕರ್ ಹಾರಿದಾಗ ಫೆಂಡರಿನ ಅಂಚು ಟೈರಿನ ಭುಜವನ್ನು ಕೆರೆಯುತ್ತದೆ. ಅದು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಕೆರೆದರೆ ಟೈರ್ ಕತ್ತರಿಸಿಹೋಗುತ್ತದೆ. ಜೊತೆಗೆ ಚಕ್ರ ಹೊರಗೆ ಬಂದಷ್ಟು ವೀಲ್ ಬೇರಿಂಗ್ ಮೇಲಿನ ಒತ್ತಡ ಜಾಸ್ತಿ, ಸ್ಟಿಯರಿಂಗ್ ಭಾರ, ರಸ್ತೆಯಲ್ಲಿ ಗೀರುಗಳಿದ್ದರೆ ಗಾಡಿ ಅತ್ತಿತ್ತ ಎಳೆಯುತ್ತದೆ.

ಹಾಗಾಗಿ ಮೂಲ ಆಫ್‌ಸೆಟ್‌ಗೆ ಆದಷ್ಟು ಹತ್ತಿರವಿರಿ. ರಿಮ್ ಅಗಲ ಮಾಡುತ್ತಿದ್ದರೆ ಐದು ಮಿಲಿಮೀಟರ್ ಆಚೀಚೆ ನೋಡಬಹುದು. ಹಬ್‌ಗೂ ರಿಮ್‌ಗೂ ನಡುವೆ ಸ್ಪೇಸರ್ ಅನ್ನುವ ಬಿಲ್ಲೆ ಹಾಕಿ ಚಕ್ರವನ್ನು ಹೊರಗೆ ತರುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಅದರಲ್ಲೂ ಹಬ್‌ಗೆ ಸರಿಯಾಗಿ ಕೂರದ, ಸುಮ್ನೆ ನಡುವೆ ಸಿಕ್ಕಿಸುವ ತಗಡಿನ ಸ್ಪೇಸರ್ ಬೇಡವೇ ಬೇಡ.

ಟೈರಿಗೂ ರಿಮ್‌ನ ಅಗಲಕ್ಕೂ ಒಂದು ಹೊಂದಾಣಿಕೆ ಇದೆ. 185/65 ಆರ್15 ಟೈರ್ 5ರಿಂದ 6.5 ಇಂಚು ಅಗಲದ ರಿಮ್‌ಗೆ. 195/55 ಆರ್16 ಟೈರ್ 5.5ರಿಂದ 7ಕ್ಕೆ. 205/45 ಆರ್17 ಟೈರ್ 6.5ರಿಂದ 7.5ಕ್ಕೆ. ಚಿಕ್ಕ ಟೈರನ್ನು ಅಗಲದ ರಿಮ್‌ಗೆ ಎಳೆದು ಕೂರಿಸುವ ಫ್ಯಾಶನ್ ನಡೆಯುತ್ತಿದೆ. ಹಾಗೆ ಎಳೆದಾಗ ರಿಮ್‌ನ ತುಟಿ ಟೈರಿಗಿಂತ ಹೊರಗೆ ಬರುತ್ತದೆ, ಹೊಂಡಕ್ಕೆ ಮೊದಲು ಸಿಗುವುದು ಅದೇ. ಈ ಊರುಗಳಲ್ಲಿ ಅದನ್ನು ಮಾಡುವವರ ಬಗ್ಗೆ ನನಗೆ ನಿಜವಾಗಿ ಆತಂಕವಾಗುತ್ತದೆ.

ಬೋಲ್ಟ್, ಹಬ್, ನಟ್

ಪಿಸಿಡಿ ಅಂದರೆ ಬೋಲ್ಟುಗಳು ಕೂರುವ ವೃತ್ತದ ವ್ಯಾಸ. ಸ್ವಿಫ್ಟ್, ಐ20, ಹೋಂಡಾ ಸಿಟಿ ಇವೆಲ್ಲ ನಾಲ್ಕು ಬೋಲ್ಟು, 100 ಮಿಮೀ. ಪೋಲೋ ಐದು ಬೋಲ್ಟು, 100. ಇನ್ನೋವಾ ಐದು ಬೋಲ್ಟು, 114.3. ಹಳೆಯ ಫೋರ್ಡ್ ಫಿಗೋ ನಾಲ್ಕು ಬೋಲ್ಟು, 108. ಮೋಸ ಹೋಗುವ ಜಾಗ ಯಾವುದೆಂದರೆ ಫಿಯೆಟ್ ಪುಂಟೋ, ಲಿನಿಯಾಗಳ 98. ನೋಡಲು 100ರ ಹಾಗೇ ಇರುತ್ತದೆ, ಒತ್ತಿ ಬಿಗಿದರೆ ಕೂತೂ ಬಿಡುತ್ತದೆ, ಆದರೆ ಬೋಲ್ಟುಗಳು ಓರೆಯಾಗಿ ಎಳೆದುಕೊಂಡಿರುತ್ತವೆ. ಸೆಕೆಂಡ್‌ಹ್ಯಾಂಡ್ ರಿಮ್ ಕೊಳ್ಳುವಾಗ ಇದನ್ನು ಅಳೆಸಿಯೇ ತೆಗೆದುಕೊಳ್ಳಿ.

ಹಬ್ ಬೋರ್ ಅಂದರೆ ರಿಮ್‌ನ ನಡುವಿನ ತೂತು. ಸ್ವಿಫ್ಟ್‌ಗೆ 54.1 ಮಿಮೀ, ಸಿಟಿಗೆ 56.1, ಪೋಲೋಗೆ 57.1. ಹೊರಗೆ ಸಿಗುವ ಅಲಾಯ್‌ಗಳ ತೂತು ಎಲ್ಲ ಗಾಡಿಗೂ ಆಗಲಿ ಅಂತ ದೊಡ್ಡದಾಗಿ ಇರುತ್ತದೆ. ನಡುವಿನ ಸಂದಿಗೆ ಹಬ್ ರಿಂಗ್ ಹಾಕಿಸಿ. ತುಂಬ ಅಗ್ಗ, ಆದರೂ ಕೇಳದಿದ್ದರೆ ಹಾಕುವುದಿಲ್ಲ. ಅದಿಲ್ಲದಿದ್ದರೆ ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ 80–90ರ ವೇಗದಲ್ಲಿ ಸ್ಟಿಯರಿಂಗ್ ನಡುಗುತ್ತಲೇ ಇರುತ್ತದೆ.

ನಟ್‌ನ ಆಕಾರವೂ ಮುಖ್ಯ. ಹೋಂಡಾ ಮತ್ತು ಫೋಕ್ಸ್‌ವ್ಯಾಗನ್, ಸ್ಕೋಡಾದವರ ಕಂಪನಿ ರಿಮ್‌ಗೆ ಗುಂಡು ತಳದ ನಟ್ ಅಥವಾ ಬೋಲ್ಟ್ ಬರುತ್ತದೆ. ಹೊರಗಿನ ಅಲಾಯ್‌ಗಳಿಗೆ ಹೆಚ್ಚಾಗಿ ಶಂಕುವಿನ ಆಕಾರದ್ದು ಬೇಕು. ಹಳೆಯದನ್ನೇ ಹಾಕಿ ಬಿಗಿದರೆ ಅದು ಅಂಚಿನಲ್ಲಷ್ಟೇ ಹಿಡಿದಿರುತ್ತದೆ, ಓಡುತ್ತಾ ಓಡುತ್ತಾ ಸಡಿಲವಾಗುತ್ತದೆ.

ರಿಮ್ ಆರಿಸುವಾಗ ಜೆಡಬ್ಲ್ಯುಎಲ್ ಮತ್ತು ವಿಐಎ ಗುರುತು ಹುಡುಕಿ. ಜಪಾನಿನ ಮಾನದಂಡ ಅದು, ವಿಐಎ ಇದ್ದರೆ ಹೊರಗಿನ ಪರೀಕ್ಷೆಯಲ್ಲೂ ಪಾಸಾಗಿದೆ ಅಂತ ಅರ್ಥ. ಯಾವುದೋ ದೊಡ್ಡ ಬ್ರ್ಯಾಂಡಿನ ಡಿಸೈನ್ ನಕಲು ಮಾಡಿದ ರಿಮ್‌ಗಳಲ್ಲಿ ಗುರುತನ್ನೂ ನಕಲು ಮಾಡಿರಬಹುದು, ಆದ್ದರಿಂದ ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ. ಬಿರುಕು ಬಿಟ್ಟು ವೆಲ್ಡಿಂಗ್ ಮಾಡಿದ ಅಲಾಯ್ ಎಷ್ಟೇ ಕಡಿಮೆಗೆ ಸಿಕ್ಕರೂ ಮುಟ್ಟಬೇಡಿ.

ಊರಿಗೆ ತಕ್ಕ ಆಯ್ಕೆ

ಮುಂಬೈಯವರಿಗೆ ನನ್ನ ಸಲಹೆ ಸರಳ: 15ರಲ್ಲೇ ಒಳ್ಳೆ ಟೈರ್, ಇಲ್ಲವೇ 16. ರಸ್ತೆಗಳು ಕಾಂಕ್ರೀಟ್ ಆಗುತ್ತಿವೆ, ನಿಜ. ಆದರೆ ಕಾಂಕ್ರೀಟ್ ಮುಗಿದು ಪೇವರ್ ಬ್ಲಾಕ್ ಶುರುವಾಗುವ ಜಾಗದ ಅಂಚು, ರಸ್ತೆಯ ಮಟ್ಟಕ್ಕಿಂತ ಮೇಲೆದ್ದ ಮ್ಯಾನ್‌ಹೋಲ್ ಮುಚ್ಚಳ, ಇವು ಚಿಕ್ಕ ಸೈಡ್‌ವಾಲ್‌ಗೆ ಹೊಂಡಕ್ಕಿಂತ ಕೆಟ್ಟವು. ಮಳೆಗಾಲದಲ್ಲಿ ಅಂಧೇರಿ ಸಬ್‌ವೇ, ಮಿಲನ್ ಸಬ್‌ವೇ, ಹಿಂದ್‌ಮಾತಾ, ಕಿಂಗ್ಸ್ ಸರ್ಕಲ್ ಸುತ್ತ ನೀರು ನಿಂತಾಗ ಕೆಳಗೆ ಏನಿದೆ ಅಂತ ಕಾಣುವುದೇ ಇಲ್ಲ. ಅಗಲ ಟೈರ್ ಹಾಕಿದರೆ ಮಳೆಯಲ್ಲಿ ಹಿಡಿತ ಜಾಸ್ತಿ ಅಂತ ತುಂಬ ಜನ ನಂಬಿದ್ದಾರೆ. ನಿಂತ ನೀರಿನಲ್ಲಿ ಅದು ಉಲ್ಟಾ. ಅಗಲ ಟೈರ್ ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳಬೇಕು, ತಳ್ಳಲಾಗದಿದ್ದರೆ ನೀರಿನ ಮೇಲೆ ತೇಲುತ್ತದೆ. ಅಟಲ್ ಸೇತು ಮೇಲೋ ಎಕ್ಸ್‌ಪ್ರೆಸ್‌ವೇ ಮೇಲೋ ಜೋರು ಮಳೆಯಲ್ಲಿ ಹೋಗುವಾಗ ನಿಮ್ಮನ್ನು ಉಳಿಸುವುದು ಟೈರಿನ ಗೀರುಗಳ ಆಳ ಮತ್ತು ನಿಮ್ಮ ವೇಗ, ಅಗಲ ಅಲ್ಲ. ಗೀರಿನ ಆಳಕ್ಕೆ ಕಾನೂನಿನ ಕನಿಷ್ಠ ಮಿತಿ 1.6 ಮಿಮೀ, ಆದರೆ 3 ಮಿಮೀಗೆ ಬಂದ ಟೈರಿನಲ್ಲಿ ಜೂನ್ ಶುರು ಮಾಡಬೇಡಿ.

ಪುಣೆಯವರಿಗೆ ಸ್ವಲ್ಪ ಸ್ವಾತಂತ್ರ್ಯ ಇದೆ. ವಾರಾಂತ್ಯದಲ್ಲಿ ತಾಮ್ಹಿಣಿ ಘಾಟಿ, ಕಾತ್ರಜ್, ಮಹಾಬಳೇಶ್ವರದ ಕಡೆ ತಿರುವುಗಳನ್ನು ಇಷ್ಟಪಟ್ಟು ಓಡಿಸುವವರಿಗೆ 16 ಇಂಚು ನಿಜಕ್ಕೂ ಖುಷಿ ಕೊಡುತ್ತದೆ. ಅಲ್ಲಿ ರಿಮ್‌ಗೆ ಖರ್ಚು ಮಾಡುವುದಕ್ಕಿಂತ ಮೆತ್ತಗಿನ ರಬ್ಬರಿನ ಟೈರಿಗೆ ಮಾಡಿ. ಆದರೆ ಗಲ್ಲಿಗಳ ಸ್ಪೀಡ್ ಬ್ರೇಕರ್‌ಗಳನ್ನು ಮರೆಯಬೇಡಿ. ಗಾಡಿ ತಗ್ಗಿಸಿದವರಿಗೆ ಅಲ್ಲಿ ಪ್ರತಿ ದಿನ ಪರೀಕ್ಷೆ.

ಗೋವಾದ ವಿಷಯ ಬೇರೆ. ವಾಸ್ಕೋ, ಮಡಗಾಂವ್ ಕಡೆ ಇರುವ ನಮ್ಮವರು ಬೆಳಗಾವಿಗೆ ಚೋರ್ಲಾ ಘಾಟಿಯಲ್ಲೋ, ರಾಮನಗರದ ಕಡೆಗೆ ಅನ್ಮೋಡ್ ಘಾಟಿಯಲ್ಲೋ ಹತ್ತುತ್ತಾರೆ. ಮಳೆಗಾಲದ ನಂತರ ಆ ರಸ್ತೆಗಳ ಅಂಚು ಕಿತ್ತುಹೋಗಿರುತ್ತದೆ, ಎದುರಿಗೆ ಬಸ್ ಬಂದರೆ ಎಡಗಡೆ ಚಕ್ರ ಆ ಅಂಚಿನಿಂದ ಕೆಳಗಿಳಿಯುತ್ತದೆ. ಎತ್ತರದ ಸೈಡ್‌ವಾಲ್ ಅಲ್ಲಿ ಬೇಕೇ ಬೇಕು. ಇನ್ನೊಂದು ಉಪ್ಪು ಗಾಳಿ. ಡೈಮಂಡ್ ಕಟ್ (ಯಂತ್ರದಲ್ಲಿ ಕೆತ್ತಿ ಹೊಳಪು ತಂದ) ಅಲಾಯ್‌ನ ಮೇಲಿನ ಲ್ಯಾಕರ್ ಒಂದು ಸಲ ಗೀರಿದರೆ ಸಾಕು, ಅದರ ಕೆಳಗೆ ಬಿಳಿ ಹುಳುವಿನ ಹಾಗೆ ತುಕ್ಕು ಹರಿಯುತ್ತದೆ. ಪೂರ್ತಿ ಬಣ್ಣ ಬಳಿದ, ಪೌಡರ್ ಕೋಟ್ ಮಾಡಿದ ರಿಮ್ ಕರಾವಳಿಗೆ ಒಳ್ಳೆಯದು, ಮುಂಬೈಗೂ ಅದೇ ಮಾತು. ಟೈರ್ ತಾಗದಿರಲಿ ಅಂತ ಫೆಂಡರಿನ ಒಳ ಅಂಚನ್ನು ಮಡಚಿಸುವವರಿಗೂ ಇದೇ ಎಚ್ಚರಿಕೆ. ಮಡಚಿದ ಜಾಗದಲ್ಲಿ ಬಣ್ಣ ಬಿರಿದರೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ.

ತಗ್ಗಿಸಿದ ಗಾಡಿ, ಎತ್ತರದ ಗಾಡಿ

ಲೋವರಿಂಗ್ ಸ್ಪ್ರಿಂಗ್ ಹಾಕಿಸುವ ಯೋಚನೆ ಇದ್ದರೆ ಅದನ್ನು ಮೊದಲು ಮಾಡಿಸಿ, ಆಮೇಲೆ ಚಕ್ರ ಆರಿಸಿ. ಗಾಡಿ 30 ಮಿಮೀ ತಗ್ಗಿದರೆ ಚಕ್ರದ ಮೇಲಿನ ಜಾಗವೂ ಅಷ್ಟೇ ಕಡಿಮೆಯಾಯಿತು. ಪರೀಕ್ಷೆ ಮಾಡುವುದು ಹೀಗೆ: ಹಿಂದೆ ಮೂವರನ್ನು ಕೂರಿಸಿ, ಡಿಕ್ಕಿಯಲ್ಲಿ ಭಾರ ಇಡಿ, ಒಂದು ಚಕ್ರವನ್ನು ಫುಟ್‌ಪಾತ್ ಅಂಚಿಗೆ ಹತ್ತಿಸಿ, ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಎಲ್ಲೂ ಉಜ್ಜದಿದ್ದರೆ ಸರಿ. ಇದನ್ನು ಒಂದು ಜೊತೆ ಚಕ್ರ ಹಾಕಿ ನೋಡಿ, ದುಡ್ಡು ಕೊಡುವ ಮುಂಚೆ. ಇದಕ್ಕೆ ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ.

ಎಸ್‌ಯುವಿಗಳಲ್ಲಿ ಸೈಡ್‌ವಾಲ್ ಮೊದಲೇ ದಪ್ಪ ಇರುವುದರಿಂದ ಒಂದು ಇಂಚು ಏರಿಸಿದರೂ ಅಷ್ಟು ನೋವಾಗುವುದಿಲ್ಲ. ಬ್ರೆಜಾ, ನೆಕ್ಸಾನ್‌ಗಳ 215/60 ಆರ್16 ಸುಮಾರು 664 ಮಿಮೀ, 215/55 ಆರ್17 ಹಾಕಿದರೆ 668. ಸೈಡ್‌ವಾಲ್ ಆಗಲೂ 118 ಮಿಮೀ ಉಳಿಯುತ್ತದೆ. ಇಲ್ಲಿ 17 ಹಾಕುವವರನ್ನು ನಾನು ತಡೆಯುವುದಿಲ್ಲ.

ಇಳಿಸುವ ದಾರಿಯೂ ಇದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. 215/60 ಆರ್17 ಇರುವ ಕ್ರೆಟಾದಂಥ ಗಾಡಿಗೆ 215/65 ಆರ್16 ಹಾಕಿದರೆ ವ್ಯಾಸ 690ರಿಂದ 686ಕ್ಕೆ ಬರುತ್ತದೆ, ಶೇ. 1ಕ್ಕಿಂತ ಕಡಿಮೆ ವ್ಯತ್ಯಾಸ. ಸೈಡ್‌ವಾಲ್ 10 ಮಿಮೀಗಿಂತ ಜಾಸ್ತಿ ಸಿಗುತ್ತದೆ. ಟೈರೂ ಅಗ್ಗ. ವರ್ಷಕ್ಕೆ ನಾಲ್ಕು ಸಲ ಊರಿಗೆ ಹೋಗುವವರಿಗೆ ಇದು ಜಾಣ ಆಯ್ಕೆ. ಒಂದೇ ಶರತ್ತು, ಬ್ರೇಕ್ ಕ್ಯಾಲಿಪರ್ (ಡಿಸ್ಕನ್ನು ಅದುಮಿ ಹಿಡಿಯುವ ಭಾಗ) ಚಿಕ್ಕ ರಿಮ್‌ನ ಒಳಗೆ ಹಿಡಿಯಬೇಕು.

ಸಿಗುವುದು, ಕಾನೂನು, ಸ್ಟೆಪ್ನಿ

ಸಿಗುವ ಸೈಜ್ ಆರಿಸಿ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರ್‌ಗಳ ಆಮದಿಗೆ ನಿರ್ಬಂಧ ಹಾಕಿದ ಮೇಲೆ ಅಪರೂಪದ ಸೈಜುಗಳು ಬೇಕಾದಾಗ ಸಿಗುತ್ತವೆ ಅನ್ನುವ ಭರವಸೆ ಇಲ್ಲ. ಆದರೆ ಎಂಆರ್‌ಎಫ್‌ನ ಕಾರ್ಖಾನೆ ಗೋವಾದ ಉಸಗಾಂವ್‌ನಲ್ಲೇ ಇದೆ, ಬ್ರಿಜ್‌ಸ್ಟೋನ್‌ನದು ಪುಣೆ ಹತ್ತಿರದ ಚಾಕಣದಲ್ಲಿ, ಇಲ್ಲಿನ ಕಾರುಗಳಿಗೆ ಬೇಕಾದ ಮಾಮೂಲಿ ಸೈಜಿಗೆ ಬರವಿಲ್ಲ. ರಾತ್ರಿ ಅಂಕೋಲೆಯಲ್ಲಿ ಟೈರ್ ಹೋದರೆ ಬೆಳಿಗ್ಗೆ 185/65 ಆರ್15 ಸಿಗುವ ಸಂಭವ ಎಷ್ಟು, 205/45 ಆರ್17 ಸಿಗುವ ಸಂಭವ ಎಷ್ಟು ಅಂತ ನೀವೇ ಯೋಚಿಸಿ. ಕೊಳ್ಳುವಾಗ ಐಎಸ್‌ಐ ಗುರುತು ನೋಡಿ, ಆಮೇಲೆ ತಯಾರಾದ ದಿನ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, 2324 ಅಂದರೆ 2024ರ 23ನೇ ವಾರ. ಹಳೆಯ ಸ್ಟಾಕ್ ಮೇಲೆ ಡಿಸ್ಕೌಂಟ್ ಕೊಡುತ್ತಾರೆ, ಬೇಡ ಅನ್ನಿ.

ಕಾನೂನಿನ ವಿಷಯ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವ ಹಾಗಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಸುರಕ್ಷಿತ ದಾರಿ ಅಂದರೆ ನಿಮ್ಮದೇ ಮಾಡೆಲಿನ ಮೇಲಿನ ವೇರಿಯಂಟ್‌ಗೆ ಕಂಪನಿ ಕೊಟ್ಟ ಸೈಜ್. ಸ್ವಿಫ್ಟ್‌ನ ಹಿಂದಿನ ಪೀಳಿಗೆಯಲ್ಲಿ ಕೆಳಗಿನ ವೇರಿಯಂಟ್‌ಗೆ 165/80 ಆರ್14, ಮೇಲಿನದಕ್ಕೆ 185/65 ಆರ್15 ಇತ್ತು. ಅಂಥ ಬದಲಾವಣೆಗೆ ಯಾರೂ ಬೆರಳು ತೋರಿಸಲಾರರು. ಫೆಂಡರಿನಿಂದ ಹೊರಗೆ ಚಾಚಿದ ಚಕ್ರಕ್ಕೆ ಆ ರಕ್ಷಣೆ ಇಲ್ಲ. ವಿಮೆಯವರಿಗೂ ಅಲಾಯ್ ಹಾಕಿಸಿದ್ದನ್ನು ಬರೆದು ತಿಳಿಸಿ, ಪಾಲಿಸಿಯಲ್ಲಿ ಸೇರಿಸಲು ಹೇಳಿ. ತಿಳಿಸದೆ ಬಿಟ್ಟರೆ ಕ್ಲೇಮ್ ಸಮಯದಲ್ಲಿ ತಕರಾರು ಬರುತ್ತದೆ.

ಸ್ಟೆಪ್ನಿ ಹಳೆಯ ಸೈಜಿನದೇ ಉಳಿಯುತ್ತದೆ. ಒಟ್ಟು ವ್ಯಾಸ ಸರಿಯಾಗಿ ಇಟ್ಟುಕೊಂಡಿದ್ದರೆ ಪಂಕ್ಚರ್ ಅಂಗಡಿವರೆಗೆ ನಿಧಾನಕ್ಕೆ ಹೋಗಲು ಅದು ಸಾಕು. ಆದರೆ ನಟ್ ಬದಲಾಗಿದ್ದರೆ ಹಳೆಯ ನಟ್‌ಗಳ ಒಂದು ಸೆಟ್ ಸ್ಟೆಪ್ನಿ ಜೊತೆಗೇ ಡಿಕ್ಕಿಯಲ್ಲಿ ಕಟ್ಟಿಡಿ. ಹೊಸ ಅಲಾಯ್ ಹಾಕಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸಿ, 50ರಿಂದ 100 ಕಿಮೀ ಓಡಿಸಿ, ಮತ್ತೆ ಬಂದು ಟಾರ್ಕ್ ರೆಂಚ್‌ನಲ್ಲಿ (ಅಳತೆಗೆ ತಕ್ಕಷ್ಟೇ ಬಿಗಿಯುವ ಪಾನಾ) ನಟ್ ಬಿಗಿಸಿ. ಎಷ್ಟು ಬಿಗಿಯಬೇಕು ಅನ್ನುವುದು ಕಾರಿನ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಊರಿಗೆ ಹೊರಡುವ ಹಿಂದಿನ ದಿನ ಹೊಸ ಚಕ್ರ ಹಾಕಿಸಬೇಡಿ, ಎರಡು ವಾರ ಮೊದಲೇ ಹಾಕಿಸಿ. ಉಜ್ಜುವುದು, ನಡುಗುವುದು, ಗಾಳಿ ಇಳಿಯುವುದು ಏನಿದ್ದರೂ ಅಷ್ಟರಲ್ಲಿ ಗೊತ್ತಾಗುತ್ತದೆ. ಹೊರಡುವ ದಿನ ಬೆಳಿಗ್ಗೆ, ಟೈರ್ ತಣ್ಣಗಿರುವಾಗಲೇ, ಪೂರ್ತಿ ಭಾರಕ್ಕೆ ಎಷ್ಟು ಗಾಳಿ ಅಂತ ಬಾಗಿಲ ಪಕ್ಕದ ಸ್ಟಿಕ್ಕರ್‌ನಲ್ಲಿ ನೋಡಿ ತುಂಬಿಸಿ. ಸೈಡ್‌ವಾಲ್ ಚಿಕ್ಕದು ಮಾಡಿದ್ದರೆ ಅದಕ್ಕೆ ಎರಡು ಪಿಎಸ್‌ಐ ಸೇರಿಸಿ. ಬಿಚ್ಚಿದ ಕಂಪನಿ ರಿಮ್‌ಗಳನ್ನು ಮಾರಬೇಡಿ, ಗಾಡಿ ಮಾರುವಾಗ ಕೊಳ್ಳುವವರು ಮೊದಲು ಕೇಳುವುದು ಅವನ್ನೇ.